ಕೀಲಿ ಎಲ್ಲಿಡಬೇಕು?

ಚಿಕ್ಕವರಿದ್ದಾಗ ನಾನೂ ಅಕ್ಕನೂ ಮನೆಯಲ್ಲಿ ‘ಕ’ ಭಾಷೆ ಮಾತಾಡ್ತಿದ್ವಿ. ಪ್ರತಿ ಅಕ್ಷರಕ್ಕೆ ಮುಂಚೆ ಒಂದು ‘ಕ’ ಸೇರಿಸಿದರೆ ಆಯ್ತು. ‘ನೀನು’ ಅಂದರೆ ‘ಕನೀಕನು’. ಡಬ್ಬಿಯಲ್ಲಿ ಕೊಬ್ಬರಿ ಮಿಠಾಯಿ ಎಷ್ಟು ಉಳಿದಿದೆ ಅನ್ನೋ ಪರಮ ಗುಟ್ಟು ಅಪ್ಪನ ಎದುರೇ ಹೀಗೆ ರವಾನೆಯಾಗುತ್ತಿತ್ತು.

ಆ ಭಾಷೆ ಮತ್ತೆ ನೆನಪಾಗಿದ್ದು ಆನ್‌ಸೈಟ್ ಅಂತ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋದಾಗ. ವಾರಾಂತ್ಯ ಮಾತಾಡೋಕೆ ಯಾರೂ ಇಲ್ಲ. ಸಹೋದ್ಯೋಗಿಯೊಬ್ಬ ಜಿಯೋಕ್ಯಾಶಿಂಗ್ ಹುಚ್ಚು ಹಿಡಿಸಿದ. ಯಾರೋ ಒಂದು ಡಬ್ಬಿಯಲ್ಲಿ ಪುಟ್ಟ ಪುಸ್ತಕ ಹಾಕಿ ಬಚ್ಚಿಟ್ಟು, ಅದರ ಅಕ್ಷಾಂಶ-ರೇಖಾಂಶ ಕೊಡ್ತಾರೆ. ನಾವು ಜಿಪಿಎಸ್ ಹಿಡಿದು ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲೇ ಇಟ್ಟು ಬರಬೇಕು. ಈ ಆಟ ಹುಟ್ಟಿದ್ದೂ ಅಲ್ಲೇ ಹತ್ತಿರದ ಬೀವರ್‌ಕ್ರೀಕಿನಲ್ಲಿ. ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಕೆಡಿಸೋದನ್ನ ಅಮೆರಿಕ ಸರ್ಕಾರ ನಿಲ್ಲಿಸಿದ ವಾರವೇ, 2000ದ ಮೇ 3ರಂದು, ಡೇವ್ ಅಲ್ಮರ್ ಎಂಬಾತ ಅಲ್ಲೊಂದು ಬಕೆಟ್ ಬಚ್ಚಿಟ್ಟ.

ಕೆಲವು ಡಬ್ಬಿಗಳಿಗೆ ಮೊದಲು ಒಗಟು ಬಿಡಿಸಬೇಕು. ಸೀಸರ್ ತನ್ನ ಪತ್ರಗಳಲ್ಲಿ ಪ್ರತಿ ಅಕ್ಷರವನ್ನು ಮೂರು ಮನೆ ದಾಟಿಸುತ್ತಿದ್ದನಂತೆ. ಈ ಆಟದ ಸುಳಿವುಗಳಲ್ಲಿ ಹದಿಮೂರು ಮನೆ. 26ರ ಅರ್ಧ 13 ಆದ್ದರಿಂದ ಇನ್ನೊಮ್ಮೆ ದಾಟಿಸಿದರೆ ಮೂಲ ಅಕ್ಷರ ವಾಪಸ್.

ನಂಗೆ ಇದು ತೀರಾ ಸುಲಭ ಅನ್ನಿಸ್ತು. ಬಿಇ ಓದಿದ ಅಹಂಕಾರ! ನನ್ನ ಡಬ್ಬಿಗೆ ವಿಜಿನೇರ್ ಸೈಫರ್ ಹಾಕಿದೆ. ಇದರಲ್ಲಿ ಎಷ್ಟು ಮನೆ ದಾಟಬೇಕು ಅಂತ ಕೀಲಿಪದದ ಒಂದೊಂದು ಅಕ್ಷರ ಹೇಳುತ್ತೆ. ಹಾಗಾಗಿ ಒಂದೇ ‘ಇ’ ಒಮ್ಮೆ ‘ಕ್ಯು’ ಆಗಬಹುದು, ಇನ್ನೊಮ್ಮೆ ‘ಎಸ್’. ಜಾಗ ಹೇಳುವ ಕೊನೆಯ ಆರು ಅಂಕಿಗಳನ್ನು ಆರು ಅಕ್ಷರ ಮಾಡಿ ಅಡಗಿಸಿದೆ. ಕೀಲಿಪದ ನಮ್ಮೂರಿನ ಹೆಸರು. ಸುಳಿವು: ‘ನಾನು ಹುಟ್ಟಿದ ಜಾಗ’.

ಎರಡು ತಿಂಗಳು ಪ್ರತಿ ಭಾನುವಾರ ಮಳೆಯಲ್ಲಿ ಹೋಗಿ ಡಬ್ಬಿ ತೆಗೆದು ನೋಡ್ತಿದ್ದೆ. ಪುಸ್ತಕ ಖಾಲಿ.

ವಿಜಿನೇರ್ ಒಡೆಯೋ ದಾರಿಯನ್ನ ಕಾಸಿಸ್ಕಿ 1863ರಲ್ಲೇ ಪ್ರಕಟಿಸಿದ್ದ: ಚಿಕ್ಕ ಕೀಲಿ ಮತ್ತೆ ಮತ್ತೆ ಬರೋದರಿಂದ ಕೆಲವು ಅಕ್ಷರಗುಂಪುಗಳೂ ಮರುಕಳಿಸುತ್ತವೆ, ಅದನ್ನು ಹಿಡಿ. ಅದಕ್ಕೆ ಉದ್ದದ ಬರಹ ಬೇಕು. ನನ್ನದು ಆರೇ ಅಕ್ಷರ, ಕೀಲಿ ಅದಕ್ಕಿಂತ ಉದ್ದ. ಮರುಕಳಿಸೋದು ಏನೂ ಇಲ್ಲ. ಕೀಲಿ ಗೊತ್ತಿಲ್ಲದಿದ್ದರೆ ಯಾವ ಆರು ಅಂಕಿ ಬೇಕಾದರೂ ಉತ್ತರ ಆಗಬಹುದು. ನಾನು ಒಗಟು ಮಾಡಿರಲಿಲ್ಲ, ಬೀಗ ಜಡಿದಿದ್ದೆ.

ಫೋನಲ್ಲಿ ಅಕ್ಕನಿಗೆ ಹೇಳಿದೆ. “ನಿಂಗೆ ಅಲ್ಲಿ ಯಾರಾದ್ರೂ ಬರ್ಬೇಕಾ, ಬರ್ಬಾರ್ದಾ?” ಅಂದಳು. ಆಮೇಲೆ ನಗ್ತಾ, “ಅಪ್ಪಂಗೆ ‘ಕ’ ಭಾಷೆ ಮೊದಲಿಂದ್ಲೂ ಗೊತ್ತಿತ್ತು ಕಣೋ. ಇಲ್ದಿದ್ರೆ ಮಿಠಾಯಿ ಮುಗಿದ ಮಾರನೇ ದಿನವೇ ಪೇಟೆಯಿಂದ ಹೆಂಗ್ ಬರ್ತಿತ್ತು?”

ಅಪ್ಪ ಹೋಗಿ ಆಗ ನಾಲ್ಕು ವರ್ಷ. ಕೇಳೋಣ ಅಂದ್ರೆ ಆಗಲ್ಲ.

ಅವತ್ತೇ ಕೀಲಿ ಬದಲಿಸಿದೆ. ಡಬ್ಬಿಗೆ ‘ಮಾನ್ಸೂನ್’ ಅಂತ ಹೆಸರಿಟ್ಟು ಅದನ್ನೇ ಕೀಲಿಪದ ಮಾಡಿದೆ. ಸುಳಿವು: ‘ಹೆಸರಲ್ಲೇ ಎಲ್ಲ ಇದೆ’. ಮುಂದಿನ ಭಾನುವಾರ ಪುಸ್ತಕದಲ್ಲಿ ಎರಡು ಹೆಸರಿದ್ದವು. ಒಂದು ದೊಡ್ಡವರದು, ಇನ್ನೊಂದು ಸೊಟ್ಟ ಸೊಟ್ಟ ಅಕ್ಷರದ ಮಗುವಿನದು.

ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. ಉತ್ತರ ಬಂತು: “ಕಯಾಕವಾಕಗ ಕಬಕರ್ತೀಕಯ?”

ನೀವೇ ಬಿಡಿಸಿಕೊಳ್ಳಿ. ಕೀಲಿ ಮೇಲೇ ಇದೆ.