ನಾವಡರು ಪದ ಎತ್ತಿದ ರಾತ್ರಿ

ಕುಂದಾಪುರದ ನೆಹರೂ ಮೈದಾನ. ಎಂಬತ್ತರ ದಶಕದ ಒಂದು ಚಳಿಗಾಲದ ರಾತ್ರಿ. ಸಾಲಿಗ್ರಾಮ ಯಕ್ಷಗಾನ ಮೇಳದ ಡೇರೆ ಎದ್ದು ನಿಂತಿದೆ. ಟಿಕೆಟ್ ಹರಿಸಿಕೊಂಡು ಒಳಗೆ ಬಂದಿದ್ದೀರಿ. ಆರಾಮ ಕುರ್ಚಿ, ಕುರ್ಚಿ, ನೆಲ. ಕಿಸೆಗೆ ತಕ್ಕ ಜಾಗ. ನೆಲದಲ್ಲಿ ಕೂತವರು ಆಗಲೇ ಚಾಪೆ ಹಾಸಿ ಮಕ್ಕಳನ್ನು ಮಲಗಿಸಿದ್ದಾರೆ. ಬೈಂದೂರು, ನಾವುಂದದ ಕಡೆಯವರು ಕೊನೆಯ ಬಸ್ಸಿಗೆ ಬಂದಿಳಿದಿದ್ದಾರೆ, ವಾಪಸ್ ಹೋಗುವುದೇನಿದ್ದರೂ ಬೆಳಗಿನ ಮೊದಲ ಬಸ್ಸಿಗೇ. ಪಕ್ಕದವರು ಬೀಡಿ ಆರಿಸಿ ಮುಂದಿನವರ ಭುಜ ಮುಟ್ಟುತ್ತಾರೆ.

“ಹ್ವಾಯ್, ನಾವುಡ್ರ್ ಬಂದ್ರಾ?”

“ಬಂದ್ರ್, ಕೂಕಣಿ.”

ಕೂರುವ ಮೊದಲು ಒಮ್ಮೆ ಬಣ್ಣ ಹಚ್ಚುವ ಚೌಕಿಗೆ ಹೋಗಿ ಬರೋಣ. ಎರಡು ಸಾಲು ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಕನ್ನಡಿ, ಕನ್ನಡಿಯೊಳಗೆ ಅರ್ಧ ಬಣ್ಣದ ಮುಖ. ಒಬ್ಬರು ಕಸೆ ಸೀರೆ ಉಡಿಸಿಕೊಳ್ಳುತ್ತಿದ್ದಾರೆ, ಇನ್ನೊಬ್ಬರು ಅಟ್ಟೆ ಕಟ್ಟಿ ಮುಂಡಾಸು ಬಿಗಿಯುತ್ತಿದ್ದಾರೆ. ಜಲವಳ್ಳಿ ವೆಂಕಟೇಶ ರಾಯರಂಥ ದೊಡ್ಡ ವೇಷಧಾರಿಗಳಿದ್ದ ಮೇಳ ಇದು. ಯಜಮಾನರು ಪಳ್ಳಿ ಸೋಮನಾಥ ಹೆಗ್ಡೆಯವರು. ನವೆಂಬರಿನಿಂದ ಮೇ ತನಕ ರಾತ್ರಿಗೊಂದು ಊರು, ಹಗಲು ನಿದ್ದೆ, ಒಟ್ಟಿಗೆ ಊಟ. ಮನೆಯವರಿಗಿಂತ ಹೆಚ್ಚು ಹೊತ್ತು ಈ ಜನ ಒಬ್ಬರ ಮುಖ ಒಬ್ಬರು ನೋಡಿರುತ್ತಾರೆ.

ಇಂದಿನ ಮಾತನ್ನು ಯಾರೂ ಬರೆದುಕೊಟ್ಟಿಲ್ಲ. ಪದ್ಯ ಅದನ್ನು ಹಾಡುವ ಭಾಗವತರ ಬಳಿ ಇದೆ, ಅರ್ಥ ವೇಷಧಾರಿಯ ತಲೆಯಲ್ಲಿ. ಹೊಸ ಹುಡುಗ ಮಾತಿನ ನಡುವೆ ತಡವರಿಸಿದರೆ ಹಿಂದಿನಿಂದ ಎತ್ತಿಕೊಡುವವರು, ಕುಣಿತ ಸೋತರೆ ಪದ್ಯವನ್ನು ಬೇಗ ಮುಗಿಸಿ ಮಾನ ಉಳಿಸುವವರು, ಮಾತು ಅತಿಯಾದರೆ ತಾಳ ತಟ್ಟಿ ನಿಲ್ಲಿಸುವವರು ಭಾಗವತರೇ. ಅವರನ್ನು ಮೊದಲನೇ ವೇಷ ಎನ್ನುವುದು ಬರೀ ಗೌರವಕ್ಕಲ್ಲ.

ಆ ಮೊದಲನೇ ವೇಷಕ್ಕೆ ಈ ಮೇಳದಲ್ಲಿ ಇನ್ನೂ ಮೂವತ್ತು ತುಂಬಿಲ್ಲ. ಗುಂಡ್ಮಿ ಕಾಳಿಂಗ ನಾವಡ, ಹುಟ್ಟಿದ್ದು 1958ರಲ್ಲಿ. ತಂದೆ ರಾಮಚಂದ್ರ ನಾವಡರೂ ಭಾಗವತರೇ. ಗುರು ನಾರಣಪ್ಪ ಉಪ್ಪೂರರು. ಮೀಸೆ ಚಿಗುರುವ ವಯಸ್ಸಿಗೆ ಕೋಟ ಅಮೃತೇಶ್ವರಿ ಮೇಳ ಸೇರಿ, ಅಲ್ಲಿಂದ ಮುಂದೆ ಸಾಲಿಗ್ರಾಮಕ್ಕೆ ಬಂದವರು. ಅವರ ಊರಿಗೂ ಸಾಲಿಗ್ರಾಮಕ್ಕೂ ನಡೆದು ಹೋಗುವಷ್ಟೇ ದೂರ.

ಬನ್ನಿ, ಶುರುವಾಯಿತು. ಕೆಂಪು ಮುಂಡಾಸು, ಕೈಯಲ್ಲಿ ತಾಳ. ಡೇರೆಯ ಗಲಾಟೆ ತಾನಾಗಿ ಇಳಿಯುತ್ತದೆ. ಪದ ಎತ್ತುವ ಮುಂಚೆ ಸಣ್ಣದೊಂದು ಆಲಾಪ. ಸಣ್ಣದು ಅಂದುಕೊಂಡದ್ದು ಮುಗಿಯುವುದೇ ಇಲ್ಲ, ಮೇಲೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಮದ್ದಳೆಯವರ ಬೆರಳು ಚರ್ಮದ ಮೇಲೆ ಕಾಯುತ್ತಿದೆ. ಚಂಡೆಯವರು ಕೋಲು ಎತ್ತಿಲ್ಲ. ಇಳಿದಾಗ ಪದ್ಯ ತಾಳದೊಳಗೆ ಬಂದು ಬೀಳುತ್ತದೆ, ಚಂಡೆ ಸಿಡಿಯುತ್ತದೆ, ನೆಲದಲ್ಲಿ ಮಲಗಿದ್ದ ಮಗು ಎದ್ದು ಕೂರುತ್ತದೆ. ಕಿವಿಯನ್ನು ಆ ಕಂಠಕ್ಕೆ ಬಿಟ್ಟು ನಿಮ್ಮ ಕಣ್ಣನ್ನು ಬೇರೆ ಕಡೆ ಇಡಿ: ಭಾಗವತರ ದೃಷ್ಟಿ ನಮ್ಮ ಮೇಲಿಲ್ಲ, ಕುಣಿಯುವವನ ಪಾದದ ಮೇಲಿದೆ. ಅವನಿಗೆ ಇನ್ನೊಂದು ಸುತ್ತು ಬೇಕೇ, ಸಾಕೇ? ಬೇಕೆಂದು ಕಂಡರೆ ಅದೇ ಸಾಲು ಮತ್ತೊಮ್ಮೆ, ಬೇರೆ ರಂಗಿನಲ್ಲಿ. ಪ್ರೇಕ್ಷಕರು ಚಪ್ಪಾಳೆ ತಟ್ಟಿದ್ದು ಗಂಟಲಿಗೆ. ಒಟ್ಟಿಗೆ ದುಡಿದವರು ಋಣ ಹೊತ್ತದ್ದು ಆ ನೋಟಕ್ಕೆ.

ಗೊಣಗುವವರೂ ಇದೇ ಡೇರೆಯಲ್ಲಿದ್ದಾರೆ. ಇದು ಯಕ್ಷಗಾನವೋ ಸಂಗೀತ ಕಚೇರಿಯೋ ಎಂಬ ತಕರಾರು. ಹಳೆಯ ಮಟ್ಟು ಬಿಟ್ಟು ಹೊಸ ರಾಗ ಯಾಕೆ, ಪುರಾಣ ಬಿಟ್ಟು ಹೊಸ ಕಥೆ ಯಾಕೆ? ನಾವಡರು ತಾವೇ ಪ್ರಸಂಗ ಬರೆಯುತ್ತಿದ್ದರು. ‘ನಾಗಶ್ರೀ’ ಅವರದೇ, ಕರಾವಳಿಯಲ್ಲಿ ಅದರ ಹೆಸರು ಕೇಳದವರಿಲ್ಲ. ಟಿಕೆಟ್ ಮಾರಿ ಬದುಕುವ ಮೇಳಕ್ಕೆ ಹೊಸ ಕಥೆ ಬೇಕಿತ್ತು, ಅದನ್ನು ಕೊಡುವ ತಾಕತ್ತು ಅವರಿಗಿತ್ತು. ತಕರಾರಿನಲ್ಲಿ ಹುರುಳಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಗುರು ಉಪ್ಪೂರರು 1984ರಲ್ಲೇ ತೀರಿಕೊಂಡಿದ್ದರು. ತಿದ್ದುವ ಹಿರಿಯರಿಲ್ಲದೆ ಶಿಷ್ಯ ಹಾಡಿದ್ದು ಆರೇ ವರ್ಷ.

1990ರ ಮೇ ತಿಂಗಳಿಗೆ ಬನ್ನಿ. ತಿರುಗಾಟ ಮುಗಿಯುವ ಕಾಲ, ಮಳೆಯ ಮೋಡ ಕಟ್ಟುವ ಕಾಲ. ಆಗ ಹದಿನೇಳನೇ ನಂಬರಿನ ಹೆದ್ದಾರಿ ಊರುಗಳ ಹೊಟ್ಟೆಯ ನಡುವೆಯೇ ಹಾಯುತ್ತಿತ್ತು. ಮೇ 27ರಂದು ರಸ್ತೆ ಅಪಘಾತದಲ್ಲಿ ನಾವಡರು ಹೋಗಿಬಿಟ್ಟರು. ಮೂವತ್ತೆರಡೂ ತುಂಬಿರಲಿಲ್ಲ. ಫೋನ್ ಇದ್ದ ಮನೆಗಳು ಎಣಿಸುವಷ್ಟಿದ್ದ ಕಾಲ. ಸುದ್ದಿ ಬಾಯಿಂದ ಬಾಯಿಗೆ ಹೋಯಿತು, ಕೇಳಿದವರು ನಂಬದೆ ಮತ್ತೊಬ್ಬರನ್ನು ಕೇಳಿದರು. ಒಡನಾಡಿಗಳಿಗೆ ಮುಂದಿನ ನವೆಂಬರ್ ಹೇಗಿದ್ದೀತು ಎಂದು ಯೋಚಿಸಿ. ಅದೇ ರಂಗಸ್ಥಳ, ಅದೇ ಚಂಡೆ, ಹೆಜ್ಜೆ ಹಾಕುವಾಗ ಬೆನ್ನ ಹಿಂದೆ ಬೇರೆ ದನಿ.

ಅದೇ ಗುರುವಿನ ಇನ್ನೊಬ್ಬ ಶಿಷ್ಯ, ನಾವಡರದೇ ಓರಗೆಯ ಸುಬ್ರಹ್ಮಣ್ಯ ಧಾರೇಶ್ವರರು 2024ರ ಏಪ್ರಿಲ್ ತನಕ ಬದುಕಿದ್ದರು. ಇನ್ನೂ 34 ವರ್ಷ! ಭಾಗವತಿಕೆ ಐವತ್ತರ ಮೇಲೆ ಹಣ್ಣಾಗುವ ವಿದ್ಯೆ. ನಾವಡರು ಮಾಡಿದ್ದು ಸರಿಯೋ ತಪ್ಪೋ ಎಂದು ಇವತ್ತಿಗೂ ವಾದಿಸುವವರು, ಮೂವತ್ತೊಂದರ ಯುವಕನ ಪ್ರಯೋಗವನ್ನೇ ಅವರ ಕೊನೆಯ ಮಾತೆಂದು ಹಿಡಿದು ತೀರ್ಪು ಕೊಡುತ್ತಿದ್ದಾರೆ. ಅದು ಅನ್ಯಾಯ.

ಓದುಗರಲ್ಲಿ ಒಂದು ಕೆಲಸದ ಮಾತು. ಆಗ ಡೇರೆಯಲ್ಲಿ ಅಭಿಮಾನಿಗಳು ಟೇಪ್‌ರೆಕಾರ್ಡರ್ ಇಟ್ಟು ಹಾಡು ತುಂಬಿಸಿಕೊಂಡಿದ್ದರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಆ ಕ್ಯಾಸೆಟ್‌ಗಳಿರಬಹುದು. ನಮ್ಮ ಮಳೆಗಾಲಕ್ಕೆ ಟೇಪು ಬೂಸ್ಟು ಹಿಡಿಯುತ್ತದೆ. ಸಿಕ್ಕಿದರೆ ಬಲ್ಲವರಿಂದ ಕಂಪ್ಯೂಟರಿಗೆ ಇಳಿಸಿ. ಪ್ರಸಂಗ, ಊರಿನ ಹೆಸರು ಬರೆದಿಡಿ. ಅಂದು ಮದ್ದಳೆ, ಚಂಡೆ ಯಾರದ್ದೆಂದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ.