ವಂಶವೃಕ್ಷದಲ್ಲಿ ಇಲ್ಲದ ಕಾಲಂ

ನಮ್ಮಣ್ಣ ತೀರಿಕೊಂಡಾಗ 48 ವರ್ಷ. ಒಂದು ವರ್ಷದಿಂದ ಮಲದಲ್ಲಿ ರಕ್ತ ಹೋಗ್ತಿತ್ತಂತೆ. ಪೈಲ್ಸ್ ಅಂತ ನಾಟಿ ಔಷಧಿ ತಗೊಂಡ, ನಾಚಿಕೆಗೆ ಯಾರಿಗೂ ಹೇಳಲಿಲ್ಲ. 47ಕ್ಕೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾದಾಗ ಅದು ಲಿವರ್‌ಗೂ ಹಬ್ಬಿತ್ತು.

"ನಿಮ್ಮ ತಂದೆ ಹೇಗೆ ತೀರಿಕೊಂಡರು?" ಅಂತ ಡಾಕ್ಟರು ನನ್ನ ಕೇಳಿದರು. "ಹೊಟ್ಟೆನೋವು" ಅಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಆಫೀಸಲ್ಲಿ ದಿನಾ ವಂಶವೃಕ್ಷದ ಫೈಲು ನೋಡೋ ಗುಮಾಸ್ತ ನಾನು. ಯಾರು ಯಾರ ಮಗ ಅಂತ ಅದರಲ್ಲಿರುತ್ತೆ, ಯಾವ ಕಾಯಿಲೆಯಿಂದ ಹೋದರು ಅಂತ ಇರಲ್ಲ. ನಮ್ಮ ಕೇರಿಯಲ್ಲಿ ಅದಕ್ಕೆ ಹಣೆಬರಹ ಅಂದುಬಿಡ್ತಾರೆ.

ಹೆತ್ತವರು, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬಂದಿದ್ದರೆ ನಮಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು. ಅವರಿಗೆ 50ರೊಳಗೆ ಬಂದಿದ್ದರೆ ಇನ್ನೂ ಜಾಸ್ತಿ. ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಆದರೆ 40ಕ್ಕೆ, ಇಲ್ಲವೇ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು. ಕರುಳೊಳಗಿನ ಪಾಲಿಪ್ ಅನ್ನೋ ಸಣ್ಣ ಗಂಟು ಕ್ಯಾನ್ಸರ್ ಆಗೋಕೆ ಎಷ್ಟೋ ವರ್ಷ ಹಿಡಿಯುತ್ತೆ. ಅಷ್ಟರೊಳಗೆ ತೆಗೆದರೆ ಅಲ್ಲಿಗೇ ಮುಗೀತು.

ನಾನು ಮಾಡಿಸಿಕೊಂಡೆ. ಎರಡು ಪಾಲಿಪ್ ಸಿಕ್ಕವು, ತೆಗೆದರು. ತಂಗಿ ಇನ್ನೂ ಒಪ್ಪಿಲ್ಲ, "ಹೆಂಗಸರು ಅಲ್ಲೆಲ್ಲಾ ತೋರಿಸ್ಕೊಳ್ಳೋದಾ ಅಣ್ಣ?" ಅಂತಾಳೆ. ಬಿಡಲ್ಲ ನಾನು. ಅಣ್ಣನ ಮಗನಿಗಿನ್ನೂ 22. ಅವನ ಡೈರಿಯಲ್ಲಿ '37' ಅಂತ ಬರೆಸಿಟ್ಟಿದ್ದೀನಿ.

ಅಪ್ಪನ ಜಾತಿಗೆ ಸರ್ಟಿಫಿಕೇಟ್ ಮಾಡಿಸ್ತೀವಿ. ಅಪ್ಪನ ಕಾಯಿಲೆಯನ್ನೂ ಒಂದು ಹಾಳೆಯಲ್ಲಿ ಬರೆದಿಡಿ ಬಂಧುಗಳೇ. ನಾಚಿಕೆ ಬೇಡ, ರಕ್ತ ಕಂಡರೆ ಬಾಯಿಬಿಡಿ.

ಜೈ ಭೀಮ್.