ಬನಹಟ್ಟಿಯ ಮನೆ

ಅ. 5, 2025, ಭಾನುವಾರ. ಜಮಖಂಡಿ
ಮುಧೋಳದ ಲೇಔಟ್ ನೋಡಿ ಬಂದೆ. 30x40, ಎನ್‌ಎ ಆಗಿದೆ, ಇ-ಖಾತೆ ಇದೆ. ಸಾಲಕ್ಕೆ ಅಡ್ಡಿಯಿಲ್ಲ. ಆದರೆ ಎರಿ ನೆಲ. ಗರಸು ಸಿಗುವತನಕ ಪಾಯ ತೆಗೆಯಬೇಕು, ಇಲ್ಲವಾದರೆ ಗೋಡೆ ಬಿರಿಯುತ್ತದೆ. ಕಟ್ಟಲು ರೊಕ್ಕ ಎಲ್ಲಿ? ಕಟ್ಟುವತನಕ ಬಾಡಿಗೆಯೂ ನನ್ನದೇ, ಕಂತೂ ನನ್ನದೇ.

“ಕುಡಚಿ ರೈಲು ಬಂತಂದ್ರ ಡಬಲ್ ಆಕ್ಕೈತ್ರೀ ಮೇಡಂ” ಅಂದ ಏಜೆಂಟ್. ಬಾಗಲಕೋಟೆ–ಕುಡಚಿ ಮಾರ್ಗ ಮಂಜೂರಾದದ್ದು 2010ರಲ್ಲಿ. ಆಗ ನಾನು ಐದನೇತ್ತ. ಆ ರೈಲಿನ ಮೇಲೆ ಸಾಲ ಮಾಡಲಾರೆ.

ಅ. 9, ರಾತ್ರಿ
ಲೆಕ್ಕ. ಮನೆ 14 ಲಕ್ಷದ್ದಾದರೆ ಮುದ್ರಾಂಕ 5 ಪರ್ಸೆಂಟ್, 70 ಸಾವಿರ. ನೋಂದಣಿ ಶುಲ್ಕ ಆಗಸ್ಟ್ 31ರಿಂದ 1 ಹೋಗಿ 2 ಪರ್ಸೆಂಟ್ ಆಗಿದೆ, 28 ಸಾವಿರ. ಸೆಸ್ ಬೇರೆ. 10 ಲಕ್ಷ ಸಾಲ, 20 ವರ್ಷ: ಕಂತು 8,400ರ ಆಸುಪಾಸು. ಅರ್ಧ ಮನೆ ಬಾಡಿಗೆಗೆ ಹೋದರೆ ಮಾತ್ರ ಉಸಿರಾಡಬಹುದು.

ಅ. 12. ಬೀಳಗಿ
ಹಿನ್ನೀರಿನ ಅಂಚಿನ ಹಳ್ಳಿ. ಕಲ್ಲಿನ ಮನೆ, ದೊಡ್ಡ ಪಡಸಾಲೆ, ರೇಟು ನಂಬಲಾಗದಷ್ಟು ಕಡಿಮೆ. ಆಲಮಟ್ಟಿ ಅಣೆಕಟ್ಟು 519.6ರಿಂದ 524.256 ಮೀಟರಿಗೆ ಏರಿದರೆ ಮುಳುಗುವ ಪಟ್ಟಿಯಲ್ಲಿದೆಯಂತೆ. “ಈಗ ತಗೊಳ್ರೀ, ಪರಿಹಾರ ಬಂದಾಗ ನೋಡ್ರಿ.” ಕಳೆದ ತಿಂಗಳು ಸರ್ಕಾರ ನೀರಾವರಿ ಹೊಲಕ್ಕೆ ಎಕರೆಗೆ 40, ಒಣ ಹೊಲಕ್ಕೆ 30 ಲಕ್ಷ ಅಂದಾಗಿನಿಂದ ಇಲ್ಲಿ ಎಲ್ಲರ ಬಾಯಲ್ಲೂ ಇದೇ ಮಾತು.

ಲಾಭ ಕಣ್ಣಿಗೆ ಕಂಡಿತು. ಸುಳ್ಳು ಹೇಳಲಾರೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳ ತವರು ಆ ನೀರಿನ ಕೆಳಗಿದೆ. “ಮುಳುಗೋ ಮನಿ ಮ್ಯಾಲೆ ರೊಕ್ಕ ಮಾಡಬ್ಯಾಡ ಬೇ” ಅಂದಳು. ಮತ್ತೆ ಮಾತಾಡಲಿಲ್ಲ. ಬೀಳಗಿ ಬಿಟ್ಟೆ.

ಅ. 26. ಬನಹಟ್ಟಿ
ನೇಕಾರರ ಓಣಿ. ಮುಂದೆ ಎರಡು ಖೋಲಿ, ಅಡಿಗಿಮನೆ. ಹಿಂದೆ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್, ಬಾಡಿಗೆಗೆ ಕೊಟ್ಟದ್ದು. 14ಕ್ಕೆ ಬರಬಹುದು. ಶೆಡ್ಡಿನಿಂದ ತಿಂಗಳಿಗೆ 5 ಸಾವಿರ.

ನಡುಮನೆಯಲ್ಲಿ ಮನೆ ಮಾರುವ ಅಜ್ಜನ ಕುಣಿಮಗ್ಗ. ಕೂತು ಕೂತು ಕುಣಿಯ ಅಂಚಿನ ಕಲ್ಲು ನುಣುಪಾಗಿದೆ. ಗೂಡಿನಲ್ಲಿ ಕೆಂಪು ನೂಲಿನ ಕಂಡಕಿ, ಮೇಲೆ ಧೂಳು. “ಕುಣಿ ಮುಚ್ಚಿ ಫರಸಿ ಹಾಸಿದ್ರ ಇನ್ನೊಂದು ರೂಮ್ ಆತು” ಅಂದ ಏಜೆಂಟ್, ಅಜ್ಜನ ಎದುರಿಗೇ.

ಅಜ್ಜ ನನ್ನ ಕಡೆ ನೋಡಿದರು. “ಮಗ್ಗ ನಾ ಒಯ್ಯತೀನಿ ತಂಗಿ. ಕುಣಿ ನಿಂದು.”

ಯಾಕೆ ಮಾರುತ್ತಿದ್ದೀರಿ ಎಂದು ಕೇಳಲು ಬಾಯಿ ಬರಲಿಲ್ಲ. ಅಗ್ಗ ಇದ್ದಲ್ಲೆಲ್ಲ ಯಾರದೋ ಅಡಚಣಿ ಇರುತ್ತದೆಯೇ?

ಅ. 27, ಬೆಳಗಿನ ಜಾವ
ನಿದ್ದೆಯಿಲ್ಲ. ಶೆಡ್ಡಿನ ಮಗ್ಗಗಳ ಖಟಖಟ ಇನ್ನೂ ಕಿವಿಯಲ್ಲಿದೆ. ಸೀರೆ ಹೋಗದಿದ್ದರೆ ಮಗ್ಗ ನಿಲ್ಲುತ್ತದೆ, ಬಾಡಿಗೆಯೂ ನಿಲ್ಲುತ್ತದೆ. ಶೆಡ್ಡಿನ ಹಿಂಗೋಡೆಯಲ್ಲಿ ಬಿರುಕಿದೆ. ಮಗ್ಗದ ಅದುರಿನದೋ, ಪಾಯದ್ದೋ? ಗೌಂಡಿಯನ್ನು ಕರೆದೊಯ್ಯಬೇಕು.

ನ. 8
ಅಪ್ಪ ಕೊಡುತ್ತೇನೆಂದದ್ದು ಕಬ್ಬಿನ ಬಿಲ್ಲಿನ ರೊಕ್ಕ. ಸರ್ಕಾರ ಟನ್ನಿಗೆ 3,300 ಅಂದಿದೆ, ಮುಧೋಳದ ರೈತರು ಒಪ್ಪಿಲ್ಲ. ಅಪ್ಪನೂ ಅವರ ಜೊತೆಗೇ ಇದ್ದಾನೆ, ಇರಲೇಬೇಕು. ನನ್ನ ಮನೆಗೋಸ್ಕರ ಕಡಿಮೆ ರೇಟಿಗೆ ಕಬ್ಬು ಕಳಿಸು ಅನ್ನಲೇ?

ನ. 11
ಸಿಟಿಎಸ್ ಉತಾರ ತೆಗೆಸಿದೆ. ಇನ್ನೂ ಅಜ್ಜನ ತಂದೆಯ ಹೆಸರೇ ಇದೆ. ಅಣ್ಣತಮ್ಮಂದಿರು ಮೂವರು, ಇಚಲಕರಂಜಿಯಲ್ಲಿ ಒಬ್ಬ ತಂಗಿ. ವಾರಸಾ ಮಾಡಿಸಿ, ಎಲ್ಲರ ಸಹಿ ಆಗಬೇಕು. “ಆಕಿದು ಬ್ಯಾಡ ಬಿಡ್ರೀ, ಬಾಂಡ್ ಮ್ಯಾಲೆ ಮಾಡೂಣು, 50 ಸಾವಿರ ಕಡಿಮಿ ಆಕ್ಕೈತಿ” ಎಂಬುದು ಏಜೆಂಟನ ಸಲಹೆ. ಬಾಂಡ್ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ. ಕೊಟ್ಟರೂ ಆ ತಾಯಿಯ ಪಾಲು ನುಂಗಿದ ಮನೆಯಲ್ಲಿ ಒಲೆ ಹಚ್ಚಲಾರೆ.

ಇಸಾರ 1 ಲಕ್ಷ ಕೇಳಿದ್ದಾರೆ. 25 ಸಾವಿರ ಈಗ, ಉಳಿದದ್ದು ತಂಗಿಯ ಸಹಿ ಬಂದ ಮೇಲೆ ಎಂದು ಅಜ್ಜನಿಗೇ ನೇರ ಹೇಳುತ್ತೇನೆ, ನಾಳೆ. ರಬಕವಿಯವರೊಬ್ಬರು ಪೂರ್ತಿ ನಗದು ಹಿಡಿದು ಕಾಯುತ್ತಿದ್ದಾರಂತೆ. ನಿಜವೋ, ಏಜೆಂಟನ ಮಾತೋ.